ಹೊದಿಕೆಗೂ ಹೊಟ್ಟೆ ಇರುತ್ತದೆ

ಅಂಕುಡೊಂಕು ಗೆರೆಯ ಉಣ್ಣೆಯ ಹೊದಿಕೆಯನ್ನು ಸೋಫಾದ ಬೆನ್ನಿಗೆ ಹಾಸಿಟ್ಟವರ ಮನೆಗೆ ನಾನು ಇವತ್ತಿಗೂ ಎರಡನೆಯ ಸಲ ಹೋಗುವುದಿಲ್ಲ. ಹೊದೆಯುವ ವಸ್ತುವನ್ನು ಕುರ್ಚಿಗೆ ಹೊದಿಸಿ, ಬಂದ ಮನುಷ್ಯರನ್ನು ಚಳಿಯಲ್ಲಿ ಕೂರಿಸುವವರ ಬುದ್ಧಿ ಎಂಥದೆಂದು ಒಂದು ಚಳಿಗಾಲದಲ್ಲಿ ಚೆನ್ನಾಗಿ ನೋಡಿದ್ದೇನೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದಾಂಡೇಲಿಯವಳು. ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಮಿಲ್ಲು ಸೇರಿದವರು. ನನಗೆ ಹೆಣಿಗೆ ಬರುತ್ತಿತ್ತು, ಕಲಿಸಲೂ ಬರುತ್ತಿತ್ತು. ಅದನ್ನು ಕೇಳಿ ಒಂದು ಮಹಿಳಾ ಸಮಿತಿಯವರು ನನ್ನನ್ನು ಮುಂಡಗೋಡ ತಾಲೂಕಿನ ಮಳಗಿಗೆ ಹೆಣಿಗೆಯ ಶಿಕ್ಷಕಿಯಾಗಿ ಕಳಿಸಿದರು.

ಸಮಿತಿ ಎಂದರೆ ನಿಜವಾಗಿ ಒಬ್ಬರೇ, ಅದರ ಅಧ್ಯಕ್ಷೆಬಾಯಿ. ಮರದ ಗುತ್ತಿಗೆದಾರರೊಬ್ಬರ ಹೆಂಡತಿ. ಉಳಿದ ಸದಸ್ಯೆಯರಿಗೆ ಅವರು ಕೆಮ್ಮಿದಾಗ ನೀರು ಕೊಡುವುದಷ್ಟೇ ಕೆಲಸ. ಮೊದಲ ದಿನ ಅವರು ನನ್ನನ್ನು ಮನೆಗೆ ಕರೆಸಿ, ವಿದೇಶದ ಯಾವುದೋ ಪತ್ರಿಕೆಯಿಂದ ಹರಿದಿಟ್ಟುಕೊಂಡಿದ್ದ ಪುಟವೊಂದನ್ನು ಕೈಗಿತ್ತರು. ಬಿಳಿ ಸೋಫಾ, ಅದರ ಮೇಲೆ ಬೆಕ್ಕು, ಬೆಕ್ಕಿನ ಕೆಳಗೆ ಅಂಕುಡೊಂಕು ಪಟ್ಟೆಗಳ ಹೊದಿಕೆ.

“ಇಂಥಾವು ಆಗಬೇಕು ನೋಡು. ಕಾಡಿನ ಮಂದಿ ಕೈಲೆ ಇಂಥಾ ಕೆಲಸಾ ಮಾಡಿಸ್ಯಾರ ಅಂತ ನಾಲ್ಕು ಮಂದಿ ಬಾಯಾಗ ಬರಬೇಕು,” ಎಂದರು.

ಬೆಕ್ಕೂ ಬೇಕೇನ್ರಿ ಎಂದು ಕೇಳುವ ಆಸೆ ಆಯಿತು. ಕೆಲಸ ಹೊಸದು, ಸುಮ್ಮನಿದ್ದೆ.

ಮಳಗಿಯಲ್ಲಿ ಒಂದು ಖಾಲಿ ಅಂಗಡಿಯನ್ನು ಬಾಡಿಗೆಗೆ ಹಿಡಿದು ಕೇಂದ್ರ ಎಂದು ಬೋರ್ಡು ಹಾಕಿದರು. ಸುತ್ತಲಿನ ಊರುಗಳಿಂದ ಕಲಿಯಲು ಬಂದ ಹೆಂಗಸರಲ್ಲಿ ಹೆಚ್ಚಿನವರು ಸಿದ್ದಿಗಳು. ಸನವಳ್ಳಿಯ ಕಡೆಯವರೂ ಇದ್ದರು. ಉದ್ಘಾಟನೆಯ ದಿನ ಅಧ್ಯಕ್ಷೆಬಾಯಿ ರಿಬ್ಬನ್ ಕತ್ತರಿಸಿ, ಕಾಯಿ ಒಡೆಸಿ, ಫೋಟೋ ತೆಗೆಸಿಕೊಂಡು, ಆಮೇಲೆ ಹೆಂಗಸರಿಗೆ “ನಿಮ್ಮ ಡಾನ್ಸ್ ಒಂದು ಆಗಲಿ” ಎಂದರು. ಯಾರೂ ಕದಲಲಿಲ್ಲ. ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ಒಬ್ಬ ಮುದುಕಿ ಪಕ್ಕದವಳಿಗೆ, ಪಿಸುಮಾತಿನ ನೆಪದಲ್ಲಿ ಇಡೀ ಅಂಗಡಿಗೆ ಕೇಳುವಂತೆ, “ಹೆಣಿಯಾಕ ಬರ್ರಿ ಅಂತ ಕರದು ಕುಣೀರಿ ಅಂತಾರಲ್ಲ. ನಾಳೆ ಕುಣಿಯಾಕ ಕರದು ಏನ್ ಮಾಡಸ್ತಾರೋ,” ಎಂದಳು. ಅಧ್ಯಕ್ಷೆಬಾಯಿಯವರಿಗೆ ಕೇಳಿಸಿತೋ ಇಲ್ಲವೋ, ಭಾಷಣ ಶುರುಮಾಡಿಬಿಟ್ಟರು. ಆ ಭಾಷಣದಲ್ಲಿ ಕೆಲಸಕ್ಕೆ ಬರುವಂಥ ಮಾತು ಒಂದೇ ಇತ್ತು: ಕಲಿತ ಪ್ರತಿಯೊಬ್ಬಳಿಗೂ ಅವಳು ಹೆಣೆದ ಮೊದಲ ಹೊದಿಕೆ ಅವಳಿಗೇ.

ಆ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವಳು ಒಬ್ಬ ಬಸುರಿ. ಚೊಚ್ಚಲ. ಮಾತು ಕಡಿಮೆ, ಕೈ ಚುರುಕು. ಇಷ್ಟು ಕಷ್ಟದಲ್ಲಿ ದಿನಾ ಯಾಕೆ ನಡೆದು ಬರುತ್ತೀ ಎಂದು ಕೇಳಿದೆ.

“ನಮ್ಮದು ತಟ್ಟಿ ಗ್ವಾಡಿ ಮನೀರಿ ಅಕ್ಕೋರ. ನಾನು ಹಡಿಯೂದು ಗಡದ್ದ ಥಂಡಿಯೊಳಗ. ಕೂಸಿಗೆ ಹೊಚ್ಚಾಕ ಒಂದು ಬೇಕಲ್ರಿ.”

“ನೀವೆಲ್ಲಾ ಕೌದಿ ಛಲೋ ಹೊಲೀತೀರಿ ಅಂತಾರಲ್ಲ?”

“ಕೌದಿಗೆ ಹಳೇ ಸೀರಿ ಬೇಕರಿ. ನಮ್ಮ ಸೀರಿ ಹಳೇವು ಆಗೂದಿಲ್ಲ, ಮೈಮ್ಯಾಲೇ ಹರದು ಮುಗೀತಾವ,” ಎಂದಳು. ಹೇಳಿ ನಕ್ಕಳು.

ಕಲಿಸುವುದು ಕಷ್ಟವಾಗಲಿಲ್ಲ. ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನ ಹೆಂಗಸರು ದಾರಿಯಲ್ಲಿ ನಡೆಯುತ್ತಲೇ ಸ್ವೆಟರ್ ಹೆಣೆಯುವುದನ್ನು ಇವರು ನೋಡಿದ್ದರು. ಸೀದಾ ಸಾಲು, ಉಲ್ಟಾ ಸಾಲು ಬೇಗ ಕೈಗೆ ಹತ್ತಿತು. ಅಂಕುಡೊಂಕು ಬಂದಾಗ ಮಾತ್ರ ತಕರಾರು. ಗೆರೆ ಮೇಲೇರುವ ಕಡೆ ಕಡ್ಡಿಗೆ ದಾರ ಸುತ್ತಿ ಹೊಸ ಕುಣಿಕೆ ಹುಟ್ಟಿಸಬೇಕು. ಕೆಳಗಿಳಿಯುವ ಕಡೆ ಎರಡು ಕುಣಿಕೆಗಳನ್ನು ಕೂಡಿಸಿ ಒಂದು ಮಾಡಬೇಕು. ಒಂದೇ ಸಾಲಿನಲ್ಲಿ ಎಷ್ಟು ಹುಟ್ಟಿದವೋ ಅಷ್ಟು ಕಳೆಯಬೇಕು. ಹುಟ್ಟಿಸಿ ಕಳೆಯಲು ಮರೆತರೆ ಹೊದಿಕೆ ಬೀಸಣಿಗೆಯಂತೆ ಅಗಲವಾಗುತ್ತ ಹೋಗುತ್ತದೆ, ಕಳೆದು ಹುಟ್ಟಿಸಲು ಮರೆತರೆ ಕುಲಾವಿಯಾಗುತ್ತದೆ. ಮೊದಲು ಬೀಸಣಿಗೆಗಳೂ ಕುಲಾವಿಗಳೂ ಬೇಕಾದಷ್ಟು ಆದವು. ಬಿಚ್ಚಿದೆವು, ಮತ್ತೆ ಹಾಕಿದೆವು. ಗೆರೆ ಸರಿಬಂದ ದಿನ ಆಯಿ ಅದನ್ನು ಬೆಳಕಿಗೆ ಹಿಡಿದು, “ಗರಗಸದ ಹಲ್ಲು,” ಎಂದಳು. ಮರ ಕೊಯ್ಯುವವರ ಸೀಮೆ, ಆ ಹೆಸರೇ ನಿಂತಿತು.

ಕೈ ಕೂಡಿಬರುತ್ತಿದೆ ಎನ್ನುವಾಗ ಅಧ್ಯಕ್ಷೆಬಾಯಿಯ ಜೀಪು ಬಂತು. ಡಿಸೆಂಬರಿನಲ್ಲಿ ದಾಂಡೇಲಿ ಹತ್ತಿರದ ಕುಳಗಿಯ ಅರಣ್ಯ ಇಲಾಖೆಯ ಕ್ಯಾಂಪಿಗೆ ಬೆಂಗಳೂರಿನಿಂದ ದೊಡ್ಡ ಅತಿಥಿಗಳು ಬರುತ್ತಾರಂತೆ. ಅವರ ಮಂಚಗಳಿಗೆಲ್ಲ ಸಮಿತಿಯ ಕಡೆಯಿಂದ ಗರಗಸದ ಹಲ್ಲಿನ ಹೊದಿಕೆ. ಅತಿಥಿಗಳು ಬೆಚ್ಚಗೆ ಮಲಗಿ ಎದ್ದರೆ ಗುತ್ತಿಗೆದಾರರ ಮೇಲೂ ಒಳ್ಳೆಯ ಕಣ್ಣು ಬಿದ್ದೀತು ಎಂಬ ಲೆಕ್ಕವನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುವ ಮಾತು ಕೇಳಿದ್ದೆ. ಇಲ್ಲಿ ದುಡಿಮೆಯೂ ಯಾರದೋ.

“ಹಂಗಾರ ನಮಗ ಕೊಡೂದು?” ಎಂದು ಬಸುರಿ ಕೇಳಿದಳು. ಅವಳು ಅಧ್ಯಕ್ಷೆಬಾಯಿಯ ಎದುರು ಬಾಯಿಬಿಟ್ಟದ್ದು ಅದೇ ಮೊದಲು.

“ನಿಮಗ ಮುಂದಿನ ವರ್ಷ. ಮೊದಲ ಕ್ಯಾಂಪಿನವು ಆಗಲಿ.”

“ಕೂಸು ಈ ವರ್ಷ ಬರತೈತ್ರಿ.”

ಅಧ್ಯಕ್ಷೆಬಾಯಿ ಅವಳ ಹೊಟ್ಟೆಯ ಕಡೆ ಒಮ್ಮೆ ನೋಡಿ, ಅದು ತನಗೆ ತಿಳಿಸದೆ ಗೊತ್ತುಮಾಡಿದ ಕಾರ್ಯಕ್ರಮವೇನೋ ಎಂಬಂತೆ ಮುಖ ಗಂಟಿಕ್ಕಿದರು. ಆಮೇಲೆ ನನ್ನ ಕಡೆ ತಿರುಗಿ, ಉಣ್ಣೆ ಪೋಲಾಗಬಾರದು, ಒಬ್ಬೊಬ್ಬಳೂ ಒಂದೊಂದು ಪಟ್ಟಿ ಹೆಣೆಯಲಿ, ಯಾರದು ಕೆಟ್ಟರೂ ತಕ್ಷಣ ಗೊತ್ತಾಗುತ್ತದೆ ಎಂದು ಅಪ್ಪಣೆ ಕೊಟ್ಟು ಹೋದರು. ನಮ್ಮ ಕಡ್ಡಿಗಳು ಗಿಡ್ಡ, ಅಗಲವಾದ ಹೊದಿಕೆ ಒಂದೇ ಸಲ ಅದರಲ್ಲಿ ಹಿಡಿಯುವುದಿಲ್ಲ. ಪಟ್ಟಿಗಳನ್ನು ಹೆಣೆದು ಅಂಚಿಗೆ ಅಂಚು ಕೂಡಿಸಿ ಹೊಲಿಯುವುದು ಅನಿವಾರ್ಯ. ಅಷ್ಟು ಸರಿ. ಆದರೆ ಒಬ್ಬೊಬ್ಬಳಿಗೆ ಒಂದೊಂದು ಪಟ್ಟಿ ಎನ್ನುವುದು ಎಂದೂ ಕಡ್ಡಿ ಹಿಡಿಯದವರ ಜಾಣತನ.

ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟ ದಿನ ಅದು ಗೊತ್ತಾಯಿತು. ಬಿಗಿ ಕೈಯವಳ ಹಲ್ಲು ಸಣ್ಣದು, ಸಡಿಲ ಕೈಯವಳ ಹಲ್ಲು ಉದ್ದ. ಕೆಳಗೆ ಸರಿಯಾಗಿ ಕೂಡಿದ ಗೆರೆ ಮೇಲೆ ಹೋದಂತೆ ಜಾರಿ, ಒಬ್ಬಳ ಏರು ಇನ್ನೊಬ್ಬಳ ಇಳಿವಿಗೆ ಹೋಗಿ ಬಡಿಯುತ್ತಿತ್ತು. ಎಳೆದು ಹೊಲಿದರೆ ಹೊದಿಕೆ ಮುದುರಿ ಹಪ್ಪಳವಾಯಿತು. ಅಧ್ಯಕ್ಷೆಬಾಯಿ ನೋಡಿ, ಇವರಿಗೆ ಶಿಸ್ತು ಇಲ್ಲ, ನಿನಗೆ ಕಲಿಸಲು ಬರುವುದಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಕುಣಿಯದೆಯೇ ನೆಲವನ್ನು ಬೈದವರು.

ಜೀಪು ಹೋದ ಮೇಲೆ ಆಯಿ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದಳು.

“ಇದು ನಾದಿನಿ ಮ್ಯಾಲಿನ ಸಿಟ್ಟೀಲೆ ಹೆಣದದ್ದು, ನೋಡ್ರಿ ಎಷ್ಟು ಬಿಗಿ ಐತಿ. ಇದು ನಂದು, ತೂಕಡಿಸಿಕೋತ ಹೆಣದದ್ದು.”

ಎಲ್ಲರೂ ನಕ್ಕರು. ನನಗೆ ಆ ನಗೆಯಲ್ಲಿಯೇ ದಾರಿ ಹೊಳೆಯಿತು. ಕೈಗಳನ್ನು ಒಂದೇ ಥರ ಮಾಡುವುದು ಸಾಧ್ಯವಿಲ್ಲದಿದ್ದರೆ, ಎಲ್ಲ ಕೈಗಳೂ ಎಲ್ಲ ಪಟ್ಟಿಗಳಲ್ಲೂ ಇರಲಿ. ಕೆಟ್ಟ ಪಟ್ಟಿಗಳನ್ನು ಬಿಚ್ಚಿಸಿದೆ. ಸುತ್ತಾಗಿ ಕೂತು, ಒಬ್ಬಳು ಒಂದು ಬಣ್ಣದ ಪಟ್ಟೆ ಮುಗಿಸಿ ಎಡಗಡೆಯವಳಿಗೆ ಕಡ್ಡಿ ಸಮೇತ ದಾಟಿಸಬೇಕು. ಕೆಂಪು ಒಬ್ಬಳದು, ಕಪ್ಪು ಅವಳ ಪಕ್ಕದವಳದು, ಹಳದಿ ಮುಂದಿನವಳದು. ಪ್ರತಿ ಪಟ್ಟಿಯಲ್ಲೂ ಸಿಟ್ಟಿನ ಕೈಯೂ ತೂಕಡಿಕೆಯ ಕೈಯೂ ಒಂದೇ ಜಾಗದಲ್ಲಿ ಬಂದವು. ಹಲ್ಲಿಗೆ ಹಲ್ಲು ಕೂಡಿತು. ಯಾರ ಪಟ್ಟಿ ಯಾವುದು ಎಂದು ಮಾತ್ರ ಇನ್ನು ಯಾರಿಗೂ ಹೇಳಲಾಗದು. ಅಧ್ಯಕ್ಷೆಬಾಯಿಯ ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು, ನನಗೆ ಅದರಿಂದಲೂ ಸಂತೋಷವಾಯಿತು.

ಮೊದಲ ಹೊದಿಕೆಯನ್ನು ನೋಡಲೆಂದು ಕುಳಗಿಗೆ ಕಳಿಸಿದರು. ಕ್ಯಾಂಪಿನ ಕಾವಲುಗಾರ ಒಂದು ರಾತ್ರಿ ಹೊದ್ದು ನೋಡಿ ವಾಪಸ್ ಕೊಟ್ಟನಂತೆ. ಜೀಪಿನ ಡ್ರೈವರು ನಗು ತಡೆಯುತ್ತ ಅವನ ಮಾತನ್ನು ತಂದು ಒಪ್ಪಿಸಿದ: “ಇದರಾಗ ಮೀನ ಹಿಡಿಯಾಕ ಬರತೈತಿ, ಮಲಗಾಕ ಬರೂದಿಲ್ಲ.”

ತಪ್ಪು ಅವನದಲ್ಲ. ದಾರ ಸುತ್ತಿ ಕುಣಿಕೆ ಹುಟ್ಟಿಸಿದ ಕಡೆಯೆಲ್ಲ ಒಂದೊಂದು ತೂತು ಇರುತ್ತದೆ. ಅದೇ ಆ ವಿನ್ಯಾಸದ ಚೆಂದ. ಬೆಕ್ಕು ಕೂರುವ ಸೋಫಾಕ್ಕೆ ಅದು ಸಾಕು, ಕಾಳಿನದಿಯ ಕಡೆಯ ಚಳಿಗೆ ಸಾಲದು. ಅಧ್ಯಕ್ಷೆಬಾಯಿಗೆ ಇದನ್ನು ವಿವರಿಸಿದೆ. ಅವರು ಪತ್ರಿಕೆಯ ಪುಟವನ್ನು ತೆಗೆದು, “ಇದರಾಗ ತೂತು ಕಾಣಸೂದಿಲ್ಲಲ್ಲ?” ಎಂದರು. ಫೋಟೋಕ್ಕೆ ಚಳಿಯಾಗುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು!

ಉಪಾಯ ನನ್ನದೇ. ಮಿಲ್ಲಿನಲ್ಲಿ ಹಸಿ ಕಾಗದವನ್ನು ಹೊತ್ತು ಓಡುವ ದಪ್ಪ ಉಣ್ಣೆಯ ಪಟ್ಟಿಗೆ ಫೆಲ್ಟು ಎನ್ನುತ್ತಾರೆ. ಸವೆದು ಹೊರಬಿದ್ದ ಫೆಲ್ಟಿನ ತುಂಡನ್ನು ಹೊದ್ದು ಬೆಳೆದವಳು ನಾನು. ದಾಂಡೇಲಿಯ ನಮ್ಮ ಮಿಲ್ಲು ಕಾರ್ಮಿಕರ ಲೈನಿನ ಮನೆಗಳಲ್ಲಿ ಅದರಷ್ಟು ಬೆಚ್ಚಗಿನದು ಇನ್ನೊಂದಿರಲಿಲ್ಲ. ಹೆಣಿಗೆಯ ಒಳಮೈಗೆ ಅದರ ಅಸ್ತರು ಕೊಟ್ಟರೆ ತೂತಿನ ಮಾತೇ ಮುಗಿಯಿತು. ಗುಜರಿ ಅಂಗಡಿಯಿಂದ ಫೆಲ್ಟು ಬಂತು. ಟೇಲರನ ಕತ್ತರಿ ಅದಕ್ಕೆ ಸೋತಿತು. ಕೊನೆಗೆ ಈಳಿಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಇಬ್ಬರು ಫೆಲ್ಟನ್ನು ಎಳೆದು, ಕುಂಬಳಕಾಯಿ ಹೋಳುಮಾಡಿದಂತೆ ಕೊಯ್ದೆವು. ಬಿಸಿನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಎರಡು ಪದರ ಮಾಡಿ ಹೆಣಿಗೆಯ ಬೆನ್ನಿಗಿಟ್ಟು ಗೋಣಿಸೂಜಿಯಲ್ಲಿ ಸುತ್ತ ಹೊಲಿಯತೊಡಗಿದೆವು. ಈ ಕೆಲಸಕ್ಕೆ ನಾನು ಹೇಳಿಕೊಡಬೇಕಾಗಲಿಲ್ಲ. ಹುಟ್ಟಿದಂದಿನಿಂದ ಕೌದಿ ಕಂಡವರು.

ಮೂರು ಮಗ್ಗುಲು ಮುಗಿದು, ನಾಲ್ಕನೆಯದರಲ್ಲಿ ಒಂದು ಗೇಣು ಉಳಿದಾಗ ಎಲ್ಲರ ಸೂಜಿ ನಿಂತಿತು.

“ಯಾಕ?” ಎಂದೆ.

“ಇಷ್ಟು ದಿವಸ ಇದು ಬರೇ ಅರಿವಿ ಇತ್ತರಿ ಅಕ್ಕೋರ,” ಎಂದಳು ಆಯಿ. “ಈಗ ಇದಕ್ಕ ಹೊಟ್ಟಿ ಬಂದೈತಿ. ಖಾಲಿ ಹೊಟ್ಟೀಲೆ ಬಾಯಿ ಹೊಲಿಯಬಾರದು. ಹಸದ ಹೊದಿಕಿ ಹೊಚ್ಕೊಂಡವರ ನಿದ್ದಿ ತಿಂತೈತಿ.”

ನನಗೆ ಇದು ಹೊಸತಲ್ಲ. ನಮ್ಮಜ್ಜಿಯೂ ಕೌದಿ ಮುಗಿಸುವಾಗ ಮೂಲೆಯಲ್ಲಿ ಹೋಳಿಗೆಯ ಒಂದು ಚೂರು ಇಡುತ್ತಿದ್ದಳು. ಇವರು ಇಟ್ಟದ್ದು ಒಂದು ಚಿಟಿಕೆ ಅಕ್ಕಿ. ಅತಿಥಿಗಳು ಹೊದೆಯುವುದೆಂದು ಅದರ ಜೊತೆ ಬೆಲ್ಲದ ಒಂದು ಚೂರು. ಯಾರೋ ಗುರುತಿಲ್ಲದವರಿಗೆ, ಅದೂ ತಮ್ಮ ಪಾಲನ್ನು ಕಿತ್ತುಕೊಂಡು ಕೊಡುತ್ತಿರುವಾಗ, ಬೆಲ್ಲ ಬೇರೆ ಯಾಕೆ ಎಂದು ನನಗೆ ರೇಗಿತು. ಹೇಳಿದೆ ಕೂಡ.

“ಹೊಚ್ಕೊಳ್ಳಾಂವ ಏನ್ ಮಾಡ್ಯಾನ್ರಿ? ಅಂವಗ ಗೊತ್ತೈತೇನು,” ಎಂದಳು ಬಸುರಿ. ಅವಳೇ ಬೆಲ್ಲವಿಟ್ಟು ಬಾಯಿ ಹೊಲಿದಳು.

ಅಸ್ತರು ಕೊಟ್ಟ ಆ ಮೊದಲ ಹೊದಿಕೆ ಅಧ್ಯಕ್ಷೆಬಾಯಿಯ ಮನೆಗೆ ಹೋಯಿತು. ಪತ್ರಿಕೆಯಲ್ಲಿದ್ದಂತೆ ಅವರು ಅದನ್ನು ಸೋಫಾದ ಬೆನ್ನಿಗೆ ಹಾಸಿದರು. ಕೆಲವೇ ದಿನಗಳಲ್ಲಿ ಜೀಪು ಬಂತು. ಅಧ್ಯಕ್ಷೆಬಾಯಿ ಇಳಿಯುವ ಮೊದಲೇ ಅವರ ದನಿ ಜೀಪಿನಿಂದ ಇಳಿದಿತ್ತು. ಸೋಫಾದ ತುಂಬ ಇರುವೆ. ಚಹಾಕ್ಕೆ ಬಂದಿದ್ದ ಹೆಂಗಸರ ಸೀರೆಯೊಳಗೆಲ್ಲ ಇರುವೆ. ಮೂಲೆ ಹರಿದು ನೋಡಿದರೆ ಅಕ್ಕಿ, ಬೆಲ್ಲ!

“ಇದೇನು ಹೊದಿಕೀನೋ ಉಗ್ರಾಣನೋ? ನೀನು ಓದಿದಾಕಿ, ನಿನಗಾದ್ರೂ ಬುದ್ಧಿ ಬ್ಯಾಡಾ?”

“ಅದರ ಹೊಟ್ಟಿ ತುಂಬಸೂದು ನಮ್ಮ ಪದ್ಧತಿರಿ ಬಾಯಾರ,” ಎಂದಳು ಆಯಿ.

“ಮೊದಲ ನಿಮ್ಮ ಹೊಟ್ಟಿ ತುಂಬಿಸ್ಕೊಳ್ರಿ, ಆಮ್ಯಾಲೆ ಹೊದಿಕೀದು,” ಎಂದರು ಅಧ್ಯಕ್ಷೆಬಾಯಿ.

ಆಯಿ ಕೈಯಲ್ಲಿದ್ದ ಗೋಣಿಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟಳು. ಅಧ್ಯಕ್ಷೆಬಾಯಿ ನನಗೆ ಬೆರಳು ತೋರಿಸಿ ಕೊನೆಯ ಮಾತು ಹೇಳಿದರು. ಉಳಿದ ಹೊದಿಕೆಗಳನ್ನೆಲ್ಲ ಬಿಚ್ಚಿ ಚೊಕ್ಕ ಮಾಡಬೇಕು. ಪ್ರತಿ ಮೂಲೆಯನ್ನೂ ನಾನೇ ಮುಟ್ಟಿ ನೋಡಿ ಕಳಿಸಬೇಕು. “ಕುಳಗಿಯೊಳಗ ಒಂದು ಕಾಳು ಸಿಕ್ಕರೂ ಅಷ್ಟೂ ನಿಮ್ಮ ಮಾರಿಗೆ ಬಿಸಾಕ್ತೇನಿ. ನೀವಽ ಹೊಚ್ಕೊಂಡು ಸಾಯ್ರಿ. ಸೆಂಟರ್‌ಗೂ ಕೀಲಿ ಹಾಕ್ತೇನಿ.”

ಆ ವಾರವೇ ಬಸುರಿ ಹಡೆದಳು. ಹೆಣ್ಣುಮಗು. ನೋಡಲು ಹೋದೆ. ತಟ್ಟಿಯ ಗೋಡೆ ಎಂದರೆ ಗೋಡೆಯ ನೆಪ. ಕಡ್ಡಿಗಳ ಸಂದಿನಿಂದ ಹೊರಗಿನ ಕೋಳಿಗಳು ಕಾಣುತ್ತಿದ್ದವು. ಮಗುವನ್ನು ಗಂಡನ ಅಂಗಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ಒಲೆಯ ಕಡೆ ಬೆನ್ನು ಮಾಡಿ ಕೂತಿದ್ದಳು. ಹೊದಿಕೆಯ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಸಮಾಧಾನ ಹೇಳಿ ಎದ್ದುಬರಬಹುದಿತ್ತು. “ಹಲ್ಲು ಸರಿ ಕೂಡ್ಯಾವೇನ್ರಿ?” ಎಂದಷ್ಟೇ ಕೇಳಿದಳು.

ಮರಳಿ ಬರುವಾಗ ದಾರಿಯುದ್ದಕ್ಕೂ ಅಧ್ಯಕ್ಷೆಬಾಯಿಯ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಷ್ಟೂ ನಿಮ್ಮ ಮಾರಿಗೆ ಬಿಸಾಕ್ತೇನಿ. ನೀವಽ ಹೊಚ್ಕೊಂಡು ಸಾಯ್ರಿ. ಕೇಂದ್ರ ಮುಟ್ಟುವ ಹೊತ್ತಿಗೆ ಆ ಬೈಗುಳದಲ್ಲಿ ಒಂದು ವರ ಇದೆ ಎಂದು ನನಗೆ ಕಂಡಿತ್ತು. ಅವರು ಕೊಟ್ಟ ಮಾತನ್ನು ನಡೆಸುವವರಲ್ಲ, ನೋಡಿ ಆಗಿತ್ತು. ಆದರೆ ಬೈದದ್ದನ್ನು ಮಾತ್ರ ಎಂದೂ ತಪ್ಪಿಸಿದವರಲ್ಲ.

ಹೆಂಗಸರು ಆಗಲೇ ಮೂಲೆಗಳನ್ನು ಬಿಚ್ಚಲು ಕೂತಿದ್ದರು.

“ಬಿಚ್ಚಬ್ಯಾಡ್ರಿ,” ಎಂದೆ. “ಒಂದು ಚೂರು ಬೆಲ್ಲ ಯಾವುದಕ್ಕೂ ಸಾಲೂದಿಲ್ಲ. ನಾಲ್ಕೂ ಮೂಲಿಗೆ ಹಾಕ್ರಿ. ಹೊಟ್ಟಿ ತುಂಬ ಹಾಕ್ರಿ.”

ಎಲ್ಲರೂ ನನ್ನ ಮುಖ ನೋಡಿದರು. ನಾನು ಬಿಡಿಸಿ ಹೇಳಿದೆ. ಇರುವೆ ಬರುತ್ತದೆ, ಅಧ್ಯಕ್ಷೆಬಾಯಿ ಎಲ್ಲವನ್ನೂ ವಾಪಸ್ ಬಿಸಾಡುತ್ತಾರೆ, ಹೊದಿಕೆಗಳು ನಿಮಗೆ ಉಳಿಯುತ್ತವೆ. ಆದರೆ ಕೇಂದ್ರ ಮುಚ್ಚುತ್ತದೆ, ಮುಂದೆ ಉಣ್ಣೆಯೂ ಇಲ್ಲ, ಕಲಿಕೆಯೂ ಇಲ್ಲ. ನನ್ನ ಕೆಲಸ ಹೋಗುವುದು ನನ್ನ ಪಾಡು, ಅದನ್ನು ನೀವು ಲೆಕ್ಕಕ್ಕೆ ಹಿಡಿಯಬೇಡಿ. ಕೇಂದ್ರ ಬೇಕೆಂದರೆ ಈಗಲೇ ಹೇಳಿ, ನಾನೇ ಕೂತು ಬಿಚ್ಚುತ್ತೇನೆ.

ಆಯಿ ಬಹಳ ಯೋಚಿಸಲಿಲ್ಲ.

“ಸೆಂಟರ್ ಹೊಚ್ಕೊಂಡು ಮಲಗಾಕ ಬರತೈತೇನ್ರಿ?”

ಒಬ್ಬಳಿಗೆ ಮಾತ್ರ ಅಳುಕು. “ಪಾಪ, ಮಲಗಾಕ ಬಂದವರಿಗೆ ಕಡದ್ರ?”

“ಇರುವಿ ಬರೂದು ಬೆಲ್ಲಕ್ಕ. ಸಾಹೇಬ್ರನ್ನ ಯಾವ ಇರುವಿ ತಿಂತೈತಿ,” ಎಂದಳು ಆಯಿ.

ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆವು. ಬೆಲ್ಲ ಫೆಲ್ಟಿಗೆ ಅಂಟಿದರೆ ಆಮೇಲೆ ಹೋಗುವುದಿಲ್ಲ. ಅದಕ್ಕೆ ತೆಳು ಬಟ್ಟೆಯ ಸಣ್ಣ ಸಣ್ಣ ಗಂಟು ಕಟ್ಟಿ, ಅದರಲ್ಲಿ ಅಕ್ಕಿ ಬೆಲ್ಲ ತುಂಬಿ, ಮೂಲೆಯ ಹಲ್ಲಿನ ತುದಿಯಲ್ಲಿ ಇಟ್ಟೆವು. ಒಂದು ದಾರ ಎಳೆದರೆ ಗಂಟು ಹೊರಗೆ ಬರಬೇಕು, ಹಾಗೆ ಹೊಲಿದೆವು. ಆಮೇಲೆ ನಾನು ಅಪ್ಪಣೆಯ ಪ್ರಕಾರ ಪ್ರತಿ ಮೂಲೆಯನ್ನೂ ಮುಟ್ಟಿ ನೋಡಿದೆ. ಗಂಟಿಲ್ಲದ ಒಂದು ಮೂಲೆ ಸಿಕ್ಕಿತು. ಬಿಚ್ಚಿಸಿ ಇಡಿಸಿದೆ. ಇದನ್ನು ದಯೆಯಿಂದ ಮಾಡಿದೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆ ಹೆಂಗಸಿನ ಬಗ್ಗೆ ನನಗಿದ್ದ ತಿರಸ್ಕಾರವೇ ಮುಕ್ಕಾಲು ಪಾಲು. ಉಳಿದದ್ದು ತಟ್ಟಿಯ ಸಂದಿನಲ್ಲಿ ಕಂಡ ಕೋಳಿಗಳಿಗಾಗಿ.

ಕುಳಗಿಯಲ್ಲಿ ಹೊದಿಕೆಗಳನ್ನು ಹಾಸುವಾಗ ನಾನೂ ಹೋಗಿದ್ದೆ. ಅಧ್ಯಕ್ಷೆಬಾಯಿ ಮಂಚದಿಂದ ಮಂಚಕ್ಕೆ ನಡೆದು, ಹಲ್ಲಿನ ಗೆರೆಗಳನ್ನು ತಾವೇ ಎಳೆದು ನೇರ ಮಾಡಿ, “ನಮ್ಮ ಕೆಲಸ” ಎಂದು ಎಲ್ಲರಿಗೂ ತೋರಿಸಿದರು. ಮರುದಿನ ಬೆಳಿಗ್ಗೆ ನನ್ನನ್ನು ಕರೆಸಿದಾಗ ಕಂಡ ನೋಟವನ್ನು ಮರೆಯುವಂತಿಲ್ಲ. ಕಾಡಿನ ಕೆಂಜಿರುವೆ ಊರಿನ ಇರುವೆಯ ಹಾಗೆ ನಾಚಿಕೆಯದಲ್ಲ. ಬಾಗಿಲಿನ ಸಂದಿನಿಂದ ಮಂಚದ ಕಾಲಿಗೆ, ಕಾಲಿನಿಂದ ಮೂಲೆಯ ಗಂಟಿಗೆ ಸಾಲು ಹಿಡಿದಿದ್ದವು. ಅಧ್ಯಕ್ಷೆಬಾಯಿ ಬಯಸಿದ್ದ ಶಿಸ್ತು ಅಲ್ಲಿತ್ತು. ಅತಿಥಿಗಳಲ್ಲಿ ಹಿರಿಯರೊಬ್ಬರು ಕುತ್ತಿಗೆ ತುರಿಸಿಕೊಳ್ಳುತ್ತ “ಬಹಳ ಬೆಚ್ಚಗಿತ್ತಮ್ಮ, ಆದರೆ ನಾನೊಬ್ಬನೇ ಮಲಗಿರಲಿಲ್ಲ” ಎಂದು ನಕ್ಕುಬಿಟ್ಟರು. ಅವರು ನಕ್ಕದ್ದರಿಂದ ಅಧ್ಯಕ್ಷೆಬಾಯಿಯ ಸಿಟ್ಟು ಇಮ್ಮಡಿಯಾಯಿತು. ಅತಿಥಿ ಬೈದಿದ್ದರೆ ಸಹಿಸಬಹುದಿತ್ತು.

ಹೊದಿಕೆಗಳನ್ನು ತಾವೇ ಬಾಚಿ ಬಾಚಿ ಜೀಪಿಗೆ ಎಸೆದರು. “ತಗೊಂಡು ಹೋಗು. ನಿನ್ನ ಮಾರಿ ತೋರಿಸಬ್ಯಾಡ. ಆ ಮಂದಿಗೆ ಹೇಳು, ಹೊಚ್ಕೊಂಡು ಸಾಯಲಿ.”

“ಹೇಳ್ತೇನ್ರಿ,” ಎಂದೆ.

ಜೀಪಿನ ಹಿಂದೆ ಹೊದಿಕೆಗಳ ಮೇಲೆ ಕೂತು ಹೊರಟೆ. ಹಳಿಯಾಳ ದಾಟಿದ ಮೇಲೆ ನನಗೂ ಇರುವೆ ಹತ್ತಿದವು. ಮಳಗಿಯಲ್ಲಿ ಹೆಂಗಸರು ದಾರ ಎಳೆದು ಗಂಟುಗಳನ್ನು ತೆಗೆದು, ಹೊದಿಕೆಗಳನ್ನು ಕೊಡವಿ, ಬಿಸಿಲಿಗೆ ಹಾಕಿ, ಬರೀ ಅಕ್ಕಿ ಇಟ್ಟು ಮತ್ತೆ ಬಾಯಿ ಹೊಲಿದರು. ಎಲ್ಲರಿಗೂ ಒಂದೊಂದು ಬಂತು. ಆಯಿಗೆ ಇಲ್ಲ. ಅವಳ ಪಾಲಿನದು ಅಧ್ಯಕ್ಷೆಬಾಯಿಯ ಸೋಫಾದ ಮೇಲೆಯೇ ಉಳಿದಿತ್ತು, ಹೊಟ್ಟೆ ಹರಿದದ್ದು. ಹೀಗೆ ಮತ್ತೆ ಬಾಯಿ ಹೊಲಿದವುಗಳಲ್ಲಿ ಮೊದಲು ಮುಗಿದದ್ದನ್ನು ಬಾಣಂತಿಯ ಮನೆಗೆ ನಾನೇ ಒಯ್ದೆ. ಮಗುವಿಗೆ ಅದು ಎಷ್ಟು ದೊಡ್ಡದಾಯಿತೆಂದರೆ, ತಾಯಿ ಮಗು ಇಬ್ಬರನ್ನೂ ಸುತ್ತಿ, ಉಳಿದ ತುದಿಯನ್ನು ತಟ್ಟಿಯ ಕಡೆಗೆ ಆಸರೆ ಮಾಡಿದೆವು. ಅವಳು ಸ್ವಲ್ಪ ಹೊತ್ತಿಗೆ ಕೂತಲ್ಲೇ ನಿದ್ದೆಹೋದಳು. ಎಷ್ಟೋ ದಿನಗಳ ನಿದ್ದೆ.

ಕೇಂದ್ರಕ್ಕೆ ಕೀಲಿ ಬಿತ್ತು, ನಾನು ದಾಂಡೇಲಿಗೆ ಮರಳಿದೆ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಕರೆದಿದ್ದರು, ಹೋದೆ. ಊಟ ಮುಗಿಯುತ್ತಿರುವಾಗ ಅಂಗಳಕ್ಕೆ ಅದೇ ಜೀಪು ಬಂದು ನಿಂತಿತು. ಡ್ರೈವರು ಇಳಿದು, ತಲೆ ಕೆರೆದುಕೊಂಡು, ಬಹಳ ಸಂಕೋಚದಿಂದ ವಿಷಯ ಹೇಳಿದ. ಕುಳಗಿಯಲ್ಲಿ ನಕ್ಕಿದ್ದ ಆ ಹಿರಿಯರು ಅಂಥ ಬೆಚ್ಚಗಿನ ಹೊದಿಕೆ ಬೇರೆಲ್ಲೂ ಸಿಗಲಿಲ್ಲ, ಇರುವೆ ಇಲ್ಲದ್ದು ಒಂದು ಕಳಿಸಿ ಎಂದು ಹೇಳಿಕಳಿಸಿದ್ದಾರಂತೆ. ಗುತ್ತಿಗೆದಾರರ ಮನೆಯಲ್ಲಿ ಗಡಿಬಿಡಿ ಎದ್ದಿದೆ. ಸೋಫಾದ ಮೇಲಿನದು ಹರಿದದ್ದು, ಕೊಡುವ ಹಾಗಿಲ್ಲ.

“ಬಾಯಾರು ಒಂದು ವಾಪಸ್ ಇಸ್ಕೊಂಡು ಬಾ ಅಂದಾರ,” ಎಂದ.

ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ಬಾಣಂತಿಯ ಕಡೆ ನೋಡಿದಳು. ತೊಟ್ಟಿಲಲ್ಲಿ ಮಗು ಮಲಗಿತ್ತು. ಮಡಿಸಿ ಮಡಿಸಿ ಹೊದಿಸಿದ ಹೊದಿಕೆಯ ಕೆಂಪು ಕಪ್ಪು ಹಲ್ಲುಗಳ ನಡುವೆ ಮೂಗು ಮಾತ್ರ ಕಾಣುತ್ತಿತ್ತು. ಬಾಣಂತಿ ತೊಟ್ಟಿಲು ತೂಗುವುದನ್ನು ನಿಲ್ಲಿಸಲಿಲ್ಲ. ದನಿಯನ್ನೂ ಏರಿಸಲಿಲ್ಲ.

“ಬಾಯಾರ ಮನ್ಯಾಗ ಒಂದು ಐತಲ್ರಿ. ಹರದ ಹೊಟ್ಟಿಯೊಳಗ ಅವರ ಕೈಲೆ ಒಂದು ಹಿಡಿ ಅಕ್ಕಿ ಹಾಕಿ, ಅವರಽ ಹೊಲದು ಕಳಸಲಿ. ಹೊಲಿಯಾಕ ಬರಲಿಲ್ಲ ಅಂದ್ರ ಇಲ್ಲಿಗೆ ಬರಾಕ ಹೇಳ್ರಿ, ನಾ ಕಲಸ್ತೇನಿ.”

ಡ್ರೈವರು ನನ್ನ ಕಡೆ ನೋಡಿದ. ನಾನು ಹೋಳಿಗೆಯ ಎಲೆಯಿಂದ ಕಣ್ಣೆತ್ತಲಿಲ್ಲ. ಆಯಿ ಅವನನ್ನೂ ಕೂರಿಸಿ ಬಡಿಸಿದಳು. ಅವನು ಹೊಟ್ಟೆತುಂಬ ಉಂಡು, ಖಾಲಿ ಜೀಪು ಓಡಿಸಿಕೊಂಡು ಹೋದ.